ನಾಲ್ಕು ತೋಳಿನ ನಕ್ಷತ್ರಮೀನು

ಜನವರಿ 4

ಬಸ್ಸು ಇಳಿಯುವಾಗ ಸಂಜೆಯಾಗಿತ್ತು. ಇಪ್ಪತ್ತೆರಡು ಜನ, ಹದಿನೈದು ದಿನ, ಒಂದೇ ಒಂದು ಬಚ್ಚಲು. ಸಮುದ್ರಜೀವಿಗಳ ಈ ಕ್ಷೇತ್ರ ಕೇಂದ್ರ ಮೊದಲು ಐಸ್ ತಯಾರಿಸುವ ಕಾರ್ಖಾನೆಯಾಗಿತ್ತಂತೆ. ಗೋಡೆಗಳು ಈಗಲೂ ಬೆವರುತ್ತವೆ. ಹುಡುಗಿಯರಿಗೆ ಮಹಡಿಯ ಕೋಣೆ, ಎಂಟು ಕಬ್ಬಿಣದ ಮಂಚ. ನಾನು ಕಿಟಕಿ ಪಕ್ಕದ್ದಕ್ಕೆ ಚೀಲ ಎಸೆದೆ. ಕೇಂದ್ರದ ಅಟೆಂಡರ್ ಮುದುಕ, ಸೊಂಟದಲ್ಲಿ ಒಂದು ಹೊರೆ ಬೀಗದ ಕೈ ಕಟ್ಟಿಕೊಂಡು ಓಡಾಡುತ್ತಾನೆ. ಬಂದ ಅರ್ಧ ಗಂಟೆಯಲ್ಲೇ ನಮ್ಮವರು ಅವನಿಗೆ ಬೀಗದಜ್ಜ ಎಂದು ಹೆಸರಿಟ್ಟರು. "ಆ ಮಂಚ ಬೇಡ ಮಗಳೇ, ಕಿಟಕಿ ಸರಿಯಾಗಿ ಮುಚ್ಚಲ್ಲ" ಎಂದ. ಮುಚ್ಚಿ ನೋಡಿದೆ. ಚೆನ್ನಾಗಿಯೇ ಮುಚ್ಚುತ್ತದೆ.

ಕಿಟಕಿಯಿಂದ ಬಂಡೆಗಳ ಸಾಲು ಕಾಣುತ್ತದೆ. ಒಂದರಿಂದ ಎಂಟರವರೆಗೆ ಬಿಳಿ ಬಣ್ಣದಲ್ಲಿ ಅಂಕಿ ಬರೆದಿದ್ದಾರೆ. ಒಂಬತ್ತನೆಯದು ಕಾಣುವುದಿಲ್ಲ. ಅದು ಪಕ್ಕದ ರಾಸಾಯನಿಕ ಕಾರ್ಖಾನೆಯ ಕೊಳವೆ ನೀರು ಬಿಡುವ ಜಾಗದ ಆಚೆಗಿದೆ.

ಊಟದ ಮೇಜಿನಲ್ಲಿ ಯಾರ ಮನೆಯಲ್ಲಿ ಯಾರು ಏನು ಮಾಡುತ್ತಾರೆ ಎಂಬ ವಿಚಾರಣೆ. ನಮ್ಮಮ್ಮ ಟೀಚರ್ ಎಂದೆ. ಇಪ್ಪತ್ತಾರು ವರ್ಷದಿಂದ ಅಮ್ಮ ಬೇರೊಂದು ಬಂದರಿನ ಶೆಡ್ಡಿನಲ್ಲಿ ಕುಕ್ಕರುಗಾಲಲ್ಲಿ ಕೂತು ಚಿಪ್ಪು ಬಿಡಿಸುತ್ತಿದ್ದಾಳೆ. ಬಾಯಿಗೆ ಬಂತು, ಅಂದೆ. ಅದರಿಂದ ಯಾರ ಗಂಟೇನೂ ಹೋಗಲಿಲ್ಲ.

ಜನವರಿ 5

ಬೆಳಿಗ್ಗೆ ಆರು ಐವತ್ತಕ್ಕೆ ಇಳಿತ. ಮೇಷ್ಟ್ರು ಪ್ಯಾಂಟು ಮಡಿಚಿಕೊಂಡು ಬಂಡೆಯ ಮೇಲೆ ನಿಂತು ಪಾಠ ಮಾಡಿದರು. ಅರ್ಧ ಮೀಟರಿನ ತಂತಿಯ ಚೌಕವನ್ನು ಬೆನ್ನ ಹಿಂದಕ್ಕೆ, ನೋಡದೆ ಎಸೆಯಬೇಕು. ನೋಡಿ ಎಸೆದರೆ ಕಣ್ಣು ತನಗೆ ಬೇಕಾದ್ದನ್ನೇ ಆರಿಸುತ್ತದೆ. ಬಿದ್ದಲ್ಲಿ, ಆ ಚೌಕದೊಳಗೆ ಎಷ್ಟು ಟೋಪಿಚಿಪ್ಪು, ಎಷ್ಟು ಬಸವನಹುಳು, ಎಷ್ಟು ಏಡಿ ಎಂದು ಎಣಿಸಿ ಬರೆಯಬೇಕು. ಬಂಡೆಗೆ ಹತ್ತು ಚೌಕ. "ಸಮುದ್ರ ಸುಳ್ಳು ಹೇಳಲ್ಲ, ಎಣಿಸೋನು ಹೇಳ್ತಾನೆ" ಎಂದರು. ನಾವೆಲ್ಲ ಬರೆದುಕೊಂಡೆವು.

ನನಗೂ ಕಡ್ಡಿಗೂ ಎಂಟನೆಯ, ಒಂಬತ್ತನೆಯ ಬಂಡೆ ಸಿಕ್ಕಿದವು. ಕಡ್ಡಿ ನಮ್ಮ ತರಗತಿಯಲ್ಲೇ ಉದ್ದ, ಗಾಳಿ ಬಂದರೆ ಬಾಗುತ್ತಾನೆ. ಎಂಟನ್ನು ಮುಗಿಸಿ ಒಂಬತ್ತರ ಕಡೆ ಹೊರಟಾಗ ಮೇಷ್ಟ್ರು ಕೂಗಿ ನಿಲ್ಲಿಸಿದರು.

"ಅಲ್ಲಿಗೆ ಬೇಡ. ಜಾರುತ್ತೆ. ಹಳೇ ಫೈಲ್ ನೋಡಿ ಅಂದಾಜು ಹಾಕಿ."

ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಎರಡು ದಿನ ಮಾತ್ರ ಒಂಬತ್ತು ನೀರಿನಿಂದ ತಲೆ ಎತ್ತುತ್ತದಂತೆ. ಹೋಗದಿದ್ದರೆ ನಮಗೇನು ನಷ್ಟ? ಪ್ರಯೋಗಾಲಯದ ಮುಂದಿನ ಬಿಸಿಲಲ್ಲಿ ಕೂತು ಹೋದ ವರ್ಷದ ಹಾಳೆ ತೆಗೆದೆವು. ಮೊದಲ ಚೌಕದಲ್ಲಿ ಟೋಪಿಚಿಪ್ಪು 47.

"46 ಹಾಕು" ಎಂದ ಕಡ್ಡಿ. "ಮುಂದಿನದಕ್ಕೆ ಎರಡು ಜಾಸ್ತಿ ಹಾಕು. ಪ್ರಕೃತಿ ಅಂದ್ರೆ ಏರುಪೇರು ಇರ್ಬೇಕಲ್ವಾ?"

ನಗುತ್ತ ನಗುತ್ತ ಹತ್ತೂ ಚೌಕ ತುಂಬಿಸಿದೆವು. ನಾಲ್ಕನೆಯ ಚೌಕದ ಷರಾದಲ್ಲಿ "ನಕ್ಷತ್ರಮೀನು ಒಂದು, ತೋಳು ನಾಲ್ಕು, ಐದನೆಯದು ಮುರಿದಿದೆ" ಎಂದಿತ್ತು. ನಿಜದ ಕಳೆ ಬರಲೆಂದು ಅದನ್ನೂ ಇಳಿಸಿಕೊಂಡೆವು. ಕೆಳಗೆ ನಾನು ಸಹಿ ಹಾಕಿದೆ.

ಜನವರಿ 6

ಐದನೆಯ ಬಂಡೆಯ ಮೇಲೆ ಚಿಪ್ಪು ಕೀಳುವ ಹೆಂಗಸರಿರುತ್ತಾರೆ. ಹತ್ತು ಹದಿನೈದು ಜನ, ಕೈಯಲ್ಲಿ ಕಬ್ಬಿಣದ ಕೊಕ್ಕೆ. ಅವರಲ್ಲಿ ದೊಡ್ಡವಳು ನಮ್ಮನ್ನು ಕಂಡು, "ಏನ್ರಪ್ಪಾ, ದಿನಾ ಎಣಿಸಿದ್ರೆ ಮರಿ ಹಾಕ್ತವಾ?" ಎಂದಳು. ಎಲ್ಲರೂ ನಕ್ಕರು. ನಾನು ದೂರ ನಿಂತೆ. ಆ ವಾಸನೆ ಬಟ್ಟೆಗೆ ಹತ್ತಿದರೆ ಮೂರು ಸಲ ಒಗೆದರೂ ಹೋಗುವುದಿಲ್ಲ. ನನಗೆ ಗೊತ್ತು.

ಕೇಂದ್ರದ ಬಾಗಿಲಿಗೆ ಒಂದು ನೋಟಿಸು ಅಂಟಿಸಿದ್ದಾರೆ. ಕಾರ್ಖಾನೆ ಎರಡನೆಯ ಕೊಳವೆ ಹಾಕುತ್ತದಂತೆ, ಇದೇ ಐದನೆಯ ಬಂಡೆಯ ಬುಡಕ್ಕೆ. ಹತ್ತೊಂಬತ್ತಕ್ಕೆ ಸಾರ್ವಜನಿಕ ವಿಚಾರಣೆ. ಮೊದಲ ಕೊಳವೆಯಿಂದ ಹಾನಿ ಆಗಿಲ್ಲ ಎನ್ನುವುದಕ್ಕೆ ಆಧಾರ: ನಮ್ಮ ಮೇಷ್ಟ್ರ ವರದಿ. ವರದಿಗೆ ಆಧಾರ: ಒಂಬತ್ತನೆಯ ಬಂಡೆಯ ವರ್ಷವರ್ಷದ ಎಣಿಕೆ.

ಓದಿ ಒಳಗೆ ಬಂದೆ. ಊಟ ಸೇರಲಿಲ್ಲ. ಬಿಸಿಲು ಜಾಸ್ತಿಯಾಗಿರಬೇಕು.

ಜನವರಿ 8

ಹಳೆಯ ಫೈಲುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂಬತ್ತನೆಯ ಬಂಡೆಯದು ಏಳು ವರ್ಷದ ಏಳು ಹಾಳೆ. ನಮ್ಮದು ಎಂಟನೆಯದು.

ಏಳರಲ್ಲೂ ನಾಲ್ಕನೆಯ ಚೌಕದಲ್ಲಿ ಅದೇ ನಕ್ಷತ್ರಮೀನಿದೆ. ಅದೇ ನಾಲ್ಕು ತೋಳು. ಮುರಿದ ತೋಳು ವರ್ಷದೊಳಗೆ ಮತ್ತೆ ಚಿಗುರುತ್ತದೆ ಎಂದು ಮೊದಲ ಸೆಮಿಸ್ಟರಿನ ಕೂಸಿಗೂ ಗೊತ್ತು. ಇದು ಏಳು ವರ್ಷದಿಂದ ಚಿಗುರಿಲ್ಲ, ಜಾಗ ಬಿಟ್ಟು ಕದಲಿಲ್ಲ, ಸತ್ತೂ ಇಲ್ಲ. ಟೋಪಿಚಿಪ್ಪು 47, ಆಮೇಲೆ 48, 46, 47, 45, 48, 47. ಅಂದರೆ ನಾವೇ ಮೊದಲ ಕಳ್ಳರಲ್ಲ. ಕಳ್ಳರ ಸಾಲಿನಲ್ಲಿ ಕೊನೆಯವರು.

ಮೊದಲ ವರ್ಷದ ಹಾಳೆ ಮಾತ್ರ ಬೇರೆ ತರ. ಅಕ್ಷರ ಎಡಕ್ಕೆ ವಾಲಿದೆ. ಬರೆಯುತ್ತ ಹೋದಂತೆ ಅಂಗೈ ಉಜ್ಜಿ ಪೆನ್ಸಿಲು ಹರಡಿದೆ. ಎಡಗೈಯವರ ಬರಹ ಹಾಗಾಗುತ್ತದೆ. 7 ಬಂದಲ್ಲೆಲ್ಲ ನಡುವೆ ಒಂದು ಅಡ್ಡಗೆರೆ. ಹಾಳೆಯ ಮೂಲೆಯಲ್ಲಿ ಉಪ್ಪುನೀರಿನ ಕಲೆ. ಇದನ್ನು ಬರೆದವಳು ನಿಜವಾಗಿ ಅಲ್ಲಿ ಮಂಡಿಯೂರಿದ್ದಳು. ಉಳಿದ ನಾವೆಲ್ಲ ಅವಳ ಬೆನ್ನ ಮೇಲೆ ಕೂತು ಬರೆದವರು.

"ಬರೆದವಳು" ಎಂದೆ. ಹುಡುಗಿಯೆಂದು ಹಾಳೆಯಲ್ಲಿ ಎಲ್ಲೂ ಇಲ್ಲ.

ಜನವರಿ 9

ಬೀಗದಜ್ಜನನ್ನು ಕೇಳಿದೆ. ಗಾಜಿನ ಬಾಟಲಿ ಒರೆಸುತ್ತಿದ್ದವನು ಒರೆಸುತ್ತಲೇ ಹೇಳಿದ.

"ಹುಡುಗೀನೇ. ಎಡಗೈಯವಳು. ನೀನು ಮಲಗೋ ಮಂಚ ಅವಳದ್ದೇ."

ಅವಳು ಎಣಿಸಿದ್ದು ಕೊಳವೆ ಶುರುವಾಗುವುದಕ್ಕೆ ಮುಂಚೆ. ಕೊಳವೆ ಬಂದು ಹತ್ತು ತಿಂಗಳಿಗೆ ಚಿಪ್ಪು ಸಾಯುತ್ತಿವೆ ಎಂದು ಹೆಂಗಸರು ಹೇಳಿದ್ದನ್ನು ಕೇಳಿ, ರಜೆಯಲ್ಲಿ ಒಬ್ಬಳೇ ಬಂದಳು. ಮತ್ತೆ ಎಣಿಸುತ್ತೇನೆಂದು ಬೆಳಗಿನ ಇಳಿತಕ್ಕೆ ಒಂಬತ್ತಕ್ಕೆ ಹೋದಳು. ಕೊಳವೆಯ ನೀರು ಹರಿಯುವಲ್ಲಿ ಬಂಡೆಗೆ ಹಸಿರು ಲೋಳೆ ಕಟ್ಟುತ್ತದೆ. ಜಾರಿದಳು. ಭರತ ಏರಿತು.

"ನಾಲ್ಕು ದಿನ ಆದ್ಮೇಲೆ ಸಿಕ್ಕಳು. ಅವರಪ್ಪ ಬಂದು ಸೂಟ್‌ಕೇಸ್ ತಗೊಂಡು ಹೋದ್ರು. ಕೆಳಗೆ ನಿಂತು ಆ ಕಿಟಕೀನೇ ನೋಡಿದ್ರು."

ಏಳು ವರ್ಷದಿಂದ ಸತ್ತ ಹುಡುಗಿಯ ಕೈಯಲ್ಲಿ ಸಮುದ್ರ ಬದುಕಿದೆ ಎಂದು ಬರೆಸುತ್ತಿದ್ದೇವೆ. ಥೂ!

ಜನವರಿ 10

ಮುಂಜಾನೆ ಯಾರೋ ಮೆಲ್ಲಗೆ ಎಣಿಸುವ ಸದ್ದಿಗೆ ಎಚ್ಚರವಾಯಿತು. ಆರು ಆಗುತ್ತಿದ್ದಂತೆ ನಿಲ್ಲುತ್ತದೆ. ಮತ್ತೆ ಒಂದರಿಂದ. ಪಕ್ಕದ ಮಂಚದವಳು, "ಬಾಯಿ ಮುಚ್ಕೊಂಡು ಮಲಗೇ ಮಾರಾಯ್ತಿ" ಎಂದು ನನಗೆ ದಿಂಬು ಎಸೆದಳು. ನನಗ್ಯಾಕೆ?

ಜನವರಿ 12

ಇಳಿತ ಈಗ ಮಧ್ಯಾಹ್ನಕ್ಕೆ ಬಂದಿದೆ, ನೀರು ಅರೆಬರೆ ಇಳಿಯುತ್ತದೆ. ಎರಡು, ಮೂರನೆಯ ಬಂಡೆಗೆ ಮರುಎಣಿಕೆ. ನನ್ನ ಹಾಳೆ ಇಣುಕಿದ ಕಡ್ಡಿ, "ಏಳಕ್ಕೆ ಯಾವಾಗಿಂದ ಅಡ್ಡಗೆರೆ ಹಾಕ್ತಿದ್ದೀಯೇ? ಸ್ಟೈಲಾ?" ಎಂದ. ಮೊದಲಿಂದಲೂ ಹಾಗೇ ಬರೆಯುವುದು ಎಂದೆ. ಅವನು ಐದನೆಯ ತಾರೀಕಿನ ಹಾಳೆ ತೋರಿಸಿದ. ಅದರಲ್ಲಿ ಗೆರೆ ಇಲ್ಲ. ಇರಲಿ, ಅವಸರದಲ್ಲಿ ಬಿಟ್ಟಿರುತ್ತೇನೆ.

ವಾಪಸ್ಸು ಬರುವಾಗ ಚಿಪ್ಪಿನ ಹೆಂಗಸರ ದೊಡ್ಡವಳು ಅಡ್ಡ ನಿಂತಳು. ಅವರು ಅವಳನ್ನು ದೊಡ್ಡಮ್ಮ ಎನ್ನುತ್ತಾರೆ.

"ನಿಲ್ಲೇ. ಇವರೆಲ್ಲ ಬಂಡೆ ಮೇಲೆ ಎಮ್ಮೆ ತರ ಹಿಮ್ಮಡಿ ಊರ್ತಾರೆ. ನೀನು ಬೆರಳೂರಿ ನಡೀತೀಯ. ಯಾರ ಮಗಳು ನೀನು?"

ಸುತ್ತ ನೋಡಿದೆ. ಕಡ್ಡಿ ಮುಂದೆ ಹೋಗಿದ್ದ. "ಚಿಪ್ಪು ಬಿಡಿಸೋಳ ಮಗಳು" ಎಂದೆ. ಆಡಿದ ಮೇಲೆ ಎದೆಯೊಳಗೆ ಏನೋ ಸಡಿಲವಾಯಿತು, ಬಿಗಿಯಾದ ಮುಚ್ಚಳ ತಿರುಗಿದ ಹಾಗೆ.

"ಹಂಗಂದ್ಮೇಲೆ ಕೂತ್ಕೋ."

ಕೂತೆ. ಅವಳ ಕೈ ನೋಡಿದೆ. ಬೆರಳ ಸಂದಿಯಲ್ಲಿ ಚರ್ಮ ಸುಲಿದು ಕೆಂಪಾಗಿತ್ತು. ಎರಡು ಉಗುರೇ ಇಲ್ಲ. ಮೊದಲು ಏಳು, ಎಂಟನೆಯ ಬಂಡೆಗೂ ಹೋಗುತ್ತಿದ್ದರಂತೆ. ಕೊಳವೆ ನೀರಿಗೆ ಕೈ ಹೀಗಾದ ಮೇಲೆ ಐದಕ್ಕೆ ಹಿಂದೆ ಸರಿದರು. ಇಲ್ಲಿಂದ ಹಿಂದೆ ಸರಿಯಲು ಮರಳು ಬಿಟ್ಟರೆ ಬೇರೇನಿಲ್ಲ.

ಒಂಬತ್ತರಲ್ಲಿ ಏನಿದೆ ಎಂದು ಕೇಳಿದೆ.

"ಏನಿರುತ್ತೆ? ಬೋಳುತಲೆ ಇದ್ದಂಗಿದೆ."

ಹಾಳೆಯ ನಕ್ಷತ್ರಮೀನಿನ ಕತೆ ಹೇಳಿದೆ. ಅವಳು ಕೊಕ್ಕೆ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕಳು. "ಏಳು ವರ್ಷ! ನಿಮ್ಮ ಕಾಲೇಜಿನವನೇ ಇರ್ಬೇಕು ಆ ಮೊಂಡುಕೈ. ಕೂತ ಜಾಗ ಬಿಡಲ್ಲ, ಸಂಬಳ ಬರ್ತಾನೇ ಇರುತ್ತೆ!" ಆಮೇಲೆ ನಗು ಒಮ್ಮೆಗೇ ನಿಂತಿತು. "ಓದಿದವರಲ್ಲಿ ನಮ್ಮನ್ನ ಬಂದು ಕೇಳಿದ್ದು ಆ ಹುಡುಗಿ ಒಬ್ಬಳೇ. ನಾವು ಯಾರಾದ್ರೂ ಜೊತೆಗೆ ಹೋಗ್ಬೇಕಿತ್ತು. ಅವತ್ತು ಭರತಕ್ಕೆ ಮೊದಲು ಬುಟ್ಟಿ ತುಂಬಿಸೋ ಆತುರ ನಮಗೆ."

ಎಡ ಅಂಗೈಯ ಅಂಚಿಗೆ ಪೆನ್ಸಿಲಿನ ಮಸಿ ಹತ್ತಿದೆ. ಸೋಪು ಹಾಕಿ ತಿಕ್ಕಿದರೂ ಹೋಗುತ್ತಿಲ್ಲ.

ಜನವರಿ 14

ಮೇಷ್ಟ್ರ ಕೋಣೆಗೆ ಹೋಗಿ ಏಳೂ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ನಾಲ್ಕನೆಯ ಚೌಕದ ಮೇಲೆ ಬೆರಳಿಟ್ಟೆ. ಅವರು ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ.

"ಗೊತ್ತು" ಎಂದರು.

"ಗೊತ್ತಿದ್ದೂ ವರದಿಗೆ ಹಾಕಿದ್ರಾ ಸರ್?"

"ಆ ಹೆಣ ಎತ್ತಿದ್ದು ನಾನು. ಅವಳ ಬೂಟಲ್ಲಿ ಮರಳು ತುಂಬಿತ್ತು. ಅವತ್ತೇ ತೀರ್ಮಾನ ಮಾಡ್ದೆ, ಇನ್ನೊಂದು ಮಗೂನ ಅಲ್ಲಿಗೆ ಕಳ್ಸಲ್ಲ ಅಂತ. ಅಂದಾಜು ಹಾಕಿ ಅಂದೆ. ಒಂದು ವರ್ಷಕ್ಕೆ ಅಂದ್ಕೊಂಡಿದ್ದೆ."

"ಹೋಗಲಿಲ್ಲ ಅಂತಾನೇ ಬರೆಯಬಹುದಿತ್ತಲ್ಲ?"

ಅವರ ಹಿಂದಿನ ಹೊಸ ಮೈಕ್ರೋಸ್ಕೋಪುಗಳ ಮೇಲೆ ಕಾರ್ಖಾನೆಯ ಹೆಸರಿನ ಚೀಟಿ ಅಂಟಿದೆ. ಖಾಲಿ ಹಾಳೆಗೆ ಯಾರೂ ಮೈಕ್ರೋಸ್ಕೋಪು ಕೊಡುವುದಿಲ್ಲ.

"ಸಂಶೋಧನೆ ಸೀಟಿಗೆ ನಿನ್ನ ಹೆಸರು ಬರೆದಿದ್ದೀನಿ" ಎಂದರು ಕಡೆಗೆ. "ಹಾಳೆ ಮೇಲೆ ಸಹಿ ನಿನ್ನದೂ ಇದೆ. ಅದನ್ನ ಮರೀಬೇಡ."

ಬೆದರಿಕೆಯೇ? ಇರಬಹುದು. ಆದರೆ ಅವರ ಬೆರಳು ಮೊದಲ ಹಾಳೆಯ ಉಪ್ಪಿನ ಕಲೆಯ ಮೇಲಿತ್ತು. ಅವರನ್ನು ದ್ವೇಷಿಸಲು ಹೋದೆ, ಅಯ್ಯೋ ಅನಿಸಿತು. ಆಮೇಲೆ ದೊಡ್ಡಮ್ಮನ ಉಗುರಿಲ್ಲದ ಬೆರಳು ಕಣ್ಣಿಗೆ ಬಂತು. ಈ ಮನುಷ್ಯ ತನ್ನ ದುಃಖವನ್ನು ಮುಚ್ಚಿಡಲು ಹೊದ್ದ ಕಂಬಳಿಯನ್ನೇ ಕಾರ್ಖಾನೆಯವರು ಹೆಂಗಸರ ಮುಖಕ್ಕೆ ಒತ್ತಿ ಹಿಡಿದಿದ್ದಾರೆ. ಅಯ್ಯೋ ಎನ್ನುವುದು ಒಂದು ಮಿತಿಯವರೆಗೆ ಮಾತ್ರ.

ಜನವರಿ 15

ಒಂಬತ್ತಕ್ಕೆ ಹೋಗಿ ನಿಜವಾಗಿ ಎಣಿಸೋಣ ಎಂದು ಕರೆದೆ, ಕಡ್ಡಿ ಬರುವುದಿಲ್ಲವಂತೆ. "ನನ್ನ ತಲೇನ ನಾನೇ ಚಟ್ನಿ ಮಾಡ್ಕೊಳ್ಳಲಾ? ಡಿಗ್ರಿಗೆ ಇನ್ನು ಮೂರು ತಿಂಗಳಿದೆ." ಅವನ ಮೇಲೆ ಸಿಟ್ಟಿಲ್ಲ. ಹತ್ತು ದಿನದ ಹಿಂದೆ ನಾನೂ ಕಡ್ಡಿಯೇ ಆಗಿದ್ದೆ.

ಅಮ್ಮನಿಗೆ ಫೋನು ಮಾಡಿದೆ. ಹಿಂದೆ ಶೆಡ್ಡಿನ ಗಲಾಟೆ ಕೇಳುತ್ತಿತ್ತು. ಎಲ್ಲ ಹೇಳಿದೆ. ಹೋಗಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅಂದಿದ್ದರೆ ಹೋಗುತ್ತಿರಲಿಲ್ಲವೇನೋ.

"ಬಂಡೆಗೆ ಒಬ್ಬಳೇ ಯಾರಾದ್ರೂ ಹೋಗ್ತಾರೇನೇ, ಪೆದ್ದಿ? ಹೋಗೋದಾದ್ರೆ ಹೋಗೋರ ಜೊತೆ ಹೋಗು. ಹಗ್ಗ ಕಟ್ಕೋ. ನೀರಿಗೆ ಬೆನ್ನು ಕೊಡ್ಬೇಡ." ಆಮೇಲೆ, "ಯಾಕೇ ದನಿ ಒಂಥರಾ ಇದೆ? ನೀನೇನಾ ಮಾತಾಡ್ತಿರೋದು?" ಎಂದಳು.

ಊಟದ ಮೇಜಿನಲ್ಲಿ ಅಮ್ಮ ಏನು ಕೆಲಸ ಮಾಡುತ್ತಾಳೆಂದು ಹೇಳಿದೆ. ಯಾರೂ ಕೇಳಿರಲಿಲ್ಲ.

ಜನವರಿ 17

ಬೀಗದಜ್ಜ ಸ್ಟೋರಿನ ಕೊನೆಯ ಕಪಾಟು ತೆಗೆದ. ಬಟ್ಟೆಯಲ್ಲಿ ಸುತ್ತಿದ ಬಿಳಿ ಪ್ಲಾಸ್ಟಿಕ್ ಹಲಗೆಯೊಂದು ಹೊರಬಂತು. ನೀರಲ್ಲಿ ಕೆಲಸ ಮಾಡುವವರು ಇಂಥದ್ದರ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಸಮುದ್ರ ಅದನ್ನು ಅಳಿಸುವುದಿಲ್ಲ.

"ಅವಳ ಹಿಂದೇನೇ ತೇಲಿ ಬಂತು. ಮೇಷ್ಟ್ರಿಗೂ ತೋರಿಸ್ಲಿಲ್ಲ, ಅವರಪ್ಪನಿಗೂ ಕೊಡ್ಲಿಲ್ಲ. ಕೆಲಸ ಹೋಗುತ್ತೆ ಅಂತ ಹೆದರಿಕೊಂಡೆ. ಇಷ್ಟು ಬೀಗದ ಕೈ ಹೊತ್ಕೊಂಡು ತಿರುಗ್ತೀನಲ್ಲ, ಕಾವಲು ಕಾದಿದ್ದು ಇದೊಂದಕ್ಕೇ."

ಎಡಕ್ಕೆ ವಾಲಿದ ಅಕ್ಷರ. ಮೊದಲ ಚೌಕ: 3. ಎರಡನೆಯದು: 1. ಆಮೇಲೆ ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ. ಅದರ ಕೆಳಗೆ ಅಡ್ಡಗೆರೆಯ 7. ಅದರ ಪಕ್ಕ ಏನೂ ಇಲ್ಲ.

ಓ ಅಕ್ಕಾ, ಎಣಿಸುತ್ತಾ ಆರಕ್ಕೇ ಯಾಕೆ ನಿಲ್ಲಿಸುತ್ತಿದ್ದೆ ಅಂತ ಈಗ ಗೊತ್ತಾಯಿತು.

ಜನವರಿ 18

ಇಳಿತ ಆರು ನಲವತ್ತಕ್ಕೆ. ದೊಡ್ಡಮ್ಮ ಮತ್ತೆ ಐವರು ಹೆಂಗಸರು. ಆ ದಿನದ ಬುಟ್ಟಿಗಳನ್ನು ಖಾಲಿಯೇ ದಡದಲ್ಲಿ ಬೋರಲು ಹಾಕಿ ಬಂದಿದ್ದರು. ನನ್ನ ಸೊಂಟಕ್ಕೆ ಹಗ್ಗ ಬಿಗಿದು, ಅದರ ಇನ್ನೊಂದು ಸುತ್ತನ್ನು ಬಲಗೈಗೆ ಹಾಕಿದರು. "ಬಿದ್ರೆ ಎಳೀತೀವಿ. ಎಳೆದ ಮೇಲೆ ಒದೀತೀವಿ" ಎಂದಳು ಒಬ್ಬಳು. ಕೊಳವೆ ದಾಟುವಾಗ ಬೆಚ್ಚಗಿನ ನೀರು ಬರಿಗಾಲಿಗೆ ತಾಗಿತು. ಚುರುಗುಟ್ಟಿತು. ಹಸಿರು ಲೋಳೆಯ ಮೇಲೆ ಹೆಂಗಸರು ಮರಳು ಚೆಲ್ಲುತ್ತ ದಾರಿ ಮಾಡಿದರು.

ಒಂಬತ್ತು ನಿಜಕ್ಕೂ ಬೋಳಾಗಿದೆ. ಏಡಿಯ ಸದ್ದಿಲ್ಲ, ಹಕ್ಕಿ ಇಳಿಯುವುದಿಲ್ಲ. ಟೋಪಿಚಿಪ್ಪು ಒಂದೇ ಜಾಗದಲ್ಲಿ ಬಾಳುವ ಪ್ರಾಣಿ. ಕೂತಲ್ಲಿ ಕಲ್ಲನ್ನೇ ಸವೆಸಿ ಉಂಗುರದಂಥ ಗುರುತು ಮಾಡುತ್ತದೆ. ಆ ಉಂಗುರಗಳು ಬಂಡೆಯ ತುಂಬ ಇವೆ. ಮನೆಗಳು ಹಾಗೇ ಇವೆ, ಮಂದಿ ಇಲ್ಲ.

ಬೆನ್ನ ಹಿಂದಕ್ಕೆ ಚೌಕ ಎಸೆದೆ. ಏಳನೆಯದು. ಬಲಗೈಗೆ ಹಗ್ಗವಿತ್ತಲ್ಲ, ಹಾಗಾಗಿ ಅವಳ ಹಲಗೆಯ ಮೇಲೆ ಎಡಗೈಯಲ್ಲೇ ಬರೆದೆ. ತೊಡಕಾಗಲಿಲ್ಲ. 7ರ ಪಕ್ಕ ಸೊನ್ನೆ. 8, ಸೊನ್ನೆ. 9, ಸೊನ್ನೆ. 10, ಸೊನ್ನೆ. ನಾಲ್ಕೇ ಚೌಕ, ಹತ್ತು ನಿಮಿಷದ ಕೆಲಸ. ಇದಕ್ಕೆ ಏಳು ವರ್ಷ ಬೇಕಾಯಿತು.

ಭರತ ಶುರುವಾಯಿತು. ದೊಡ್ಡಮ್ಮ ಹಗ್ಗ ಜಗ್ಗಿ, "ಬಾರೇ" ಎಂದಳು. "ಇಬ್ರೂ ಬನ್ನಿ" ಎಂದಂತೆ ಕೇಳಿತು. ಗಾಳಿ ಜೋರಿತ್ತು.

ಜನವರಿ 19

ವಿಚಾರಣೆ ಕೇಂದ್ರದ ದೊಡ್ಡ ಕೋಣೆಯಲ್ಲೇ ನಡೆಯಿತು. ಅಧಿಕಾರಿ ನಡುವೆ, ಕಾರ್ಖಾನೆಯವನು ಪಕ್ಕದಲ್ಲಿ. ಸಮುದ್ರದ ಮಾತಾಡಲು ಬಂದವನ ಬೂಟಿಗೆ ಒಂದು ಹನಿ ನೀರು ತಾಗಿರಲಿಲ್ಲ. ಹೆಂಗಸರು ಕುರ್ಚಿ ಸಿಗದೆ ಗೋಡೆಗೆ ನಿಂತಿದ್ದರು. ಮೇಷ್ಟ್ರು ವರದಿ ಓದಲು ಎದ್ದರು. ಬಾಯಿ ತೆರೆಯುವ ಮೊದಲೇ ನಾನು ಹೋಗಿ ಅವರ ಕಾಗದದ ಮೇಲೆ ಹಲಗೆ ಇಟ್ಟೆ.

ಅವರು ಆ ಅಕ್ಷರ ಗುರುತಿಸಿದರು. ಬೆರಳನ್ನು ಮೊದಲ ಸಾಲಿನಿಂದ ಹತ್ತರವರೆಗೆ ಮೆಲ್ಲಗೆ ಎಳೆದರು. ಎಲ್ಲೂ ತಡೆಯಲಿಲ್ಲ.

"ಇದರಲ್ಲಿ ನಿಂದು ಯಾವುದಮ್ಮಾ?" ಎಂದರು, ನನಗಷ್ಟೇ ಕೇಳುವಂತೆ.

ನಾನೂ ನೋಡಿದೆ. ಹತ್ತೂ ಎಡಕ್ಕೆ ವಾಲಿದ್ದವು.

ಮೇಷ್ಟ್ರು ವರದಿಯನ್ನು ಎರಡಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಅಧಿಕಾರಿಯ ಕಡೆ ತಿರುಗಿ, "ಒಂಬತ್ತನೇ ಬಂಡೆ ಬಗ್ಗೆ ನಾನು ಕೊಟ್ಟಿರೋದೆಲ್ಲ ಸುಳ್ಳು. ಏಳು ವರ್ಷದಿಂದ ಸುಳ್ಳು. ನಿಜ ಈ ಹಲಗೆ ಮೇಲಿದೆ" ಎಂದರು. ಕಾರ್ಖಾನೆಯವನು ಎದ್ದು, ಯಾವುದೋ ಹುಡುಗಿಯ ಗೀಚು ಆಧಾರವಾಗಲ್ಲ ಎಂದು ಕೂಗಾಡಿದ. "ನಿನ್ನ ಬೂಟು ಬಿಚ್ಚು, ನಮ್ಮ ಜೊತೆ ಬಾ, ನೀನೇ ಎಣಿಸು" ಎಂದಳು ದೊಡ್ಡಮ್ಮ. ಗೋಡೆಗೆ ನಿಂತವರೆಲ್ಲ ಒಂದು ಹೆಜ್ಜೆ ಮುಂದೆ ಬಂದರು. ಅಧಿಕಾರಿ ನೀರು ಕುಡಿದ. ಎರಡನೆಯ ಕೊಳವೆಗೆ ಅನುಮತಿ ತಡೆದಿದೆ, ಹೊರಗಿನವರಿಂದ ಮರುಎಣಿಕೆ ಆಗಬೇಕು, ಹೆಂಗಸರೂ ಜೊತೆಗಿರಬೇಕು ಎಂದು ಬರೆಸಿದ. ಗೆದ್ದೆವು ಎನ್ನಲಾರೆ. ತಡೆದೆವು. ನನ್ನ ಸೀಟು ಹೋಯಿತು, ಸುಳ್ಳು ಸಹಿಗೆ ವಿವರಣೆ ಕೊಡಬೇಕಂತೆ. ಕೊಡುತ್ತೇನೆ. ಹಾಕಿದ್ದು ನಾನೇ ತಾನೆ.

ಕಡೆಯಲ್ಲಿ ಅಧಿಕಾರಿ ದಾಖಲೆಗೆಂದು ಕೇಳಿದ: "ಹತ್ತೂ ಚೌಕ ನೀವೇ ಎಣಿಸಿದ್ದಾ?"

"ಹೌದು, ನಾವೇ" ಎಂದೆ.

ಬೀಗದಜ್ಜ ತಲೆ ತಗ್ಗಿಸಿದ. ದೊಡ್ಡಮ್ಮ ನನ್ನನ್ನೇ ನೋಡಿದಳು. ಯಾಕೆ ಹಾಗೆ ನೋಡಿದರೋ. ಸುಳ್ಳೇನು ಹೇಳಿದೆ? ಮೊದಲನೆಯದರಲ್ಲಿ ಮೂರು ಚಿಪ್ಪು ಒಂದಕ್ಕೊಂದು ಅಂಟಿ ಕೂತಿದ್ದವು. ಮೂರನೆಯ ಸಲ ಎಸೆದಾಗ ಚೌಕ ಬಿರುಕಿಗೆ ಸಿಕ್ಕಿ ಓರೆಯಾಗಿ ನಿಂತಿತು. ಬಗ್ಗಿ ಬಿಡಿಸುವಾಗ ಬೂಟಿನೊಳಕ್ಕೆ ನೀರು ಬಂತು, ತಣ್ಣಗಿತ್ತು. ಎಲ್ಲ ಚೆನ್ನಾಗಿ ನೆನಪಿದೆ ನನಗೆ.